ನಾಯಿ ಬೊಗಳದ ಹಾಸಿಗೆ

ಕೊರಟಗೆರೆಯಲ್ಲಿ ಹುಣಸೆ ಸುಗ್ಗಿ ಇನ್ನೂ ಶುರುವಾಗಿರಲಿಲ್ಲ. ವ್ಯಾಪಾರಿ ನಾಗಭೂಷಣನ ಮಂಡಿಯ ತಕ್ಕಡಿ ಕೆಲಸವಿಲ್ಲದೆ ಕೂತಿತ್ತು. ಆ ಡಿಸೆಂಬರಿನಲ್ಲಿ ಅದರ ಮೇಲೆ ಏರಿದ್ದೆಲ್ಲ ಅವನ ಅಣ್ಣನ ಮಗಳು ಲೋಹಿತಾಳ ಹಾಸಿಗೆಗಳೇ.

"ಚಿಕ್ಕಪ್ಪ, ಒಂದು ಕೆಜಿ ಮುನ್ನೂರ ಎಂಬತ್ತು ಗ್ರಾಂ!" ಅವಳು ಕೂಗಿದಳು. "ಗೆದ್ದುಬಿಟ್ಟೆ!"

"ಯಾರನ್ನ?"

"ತಕ್ಕಡೀನ."

ನಾಗಭೂಷಣ್ ಕನ್ನಡಕ ಹಣೆಗೇರಿಸಿ ನೋಡಿದ. ತಟ್ಟೆಯಲ್ಲಿ ಎರಡು ಸಣ್ಣ ಗಂಟು. ಒಂದು ಹಕ್ಕಿಪುಕ್ಕ ತುಂಬಿದ ಮಲಗುವ ಚೀಲ. ಇನ್ನೊಂದು ಬಾಯಲ್ಲಿ ಗಾಳಿ ಊದುವ ಚಾಪೆ. "ಹಾಸಿಗೆ, ಹೊದಿಕೆ ಎರಡೂ ಸೇರಿ ಇಷ್ಟೇನಾ? ನಮ್ಮಮ್ಮನ ತಲೆದಿಂಬೇ ಇದಕ್ಕಿಂತ ತೂಗುತ್ತಲ್ಲೇ!"

ಲೋಹಿತಾಗೆ ಇಪ್ಪತ್ತೊಂಬತ್ತು. ಪ್ರಾಣಿಶಾಸ್ತ್ರ ಓದಿ ಮಧುಗಿರಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಐದು ವರ್ಷದಿಂದ ಬೋರ್ಡಿನ ಮೇಲೆ ತೋಳದ ಚಿತ್ರ ಬರೆದು ಪಾಠ ಮಾಡಿದ್ದಳು. ತೋಳವನ್ನು ಒಮ್ಮೆಯೂ ನೋಡಿರಲಿಲ್ಲ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ನೀವು ನೋಡಿದೀರಾ?" ಎಂದು ಕೇಳಿದ್ದಳು. ಆ ಪ್ರಶ್ನೆ ಅವಳ ಕಾಲಿಗೆ ಮುಳ್ಳಿನಂತೆ ನಾಟಿಕೊಂಡೇ ಉಳಿದಿತ್ತು.

ಮಧುಗಿರಿ, ಶಿರಾ, ಪಾವಗಡದ ಕುರುಚಲಿನಲ್ಲಿ ತೋಳ ಇದೆ ಎಂದು ಎಲ್ಲರೂ ಹೇಳುತ್ತಿದ್ದರು. ಎಷ್ಟಿವೆ ಎಂದು ಹೇಳುವವರಿರಲಿಲ್ಲ. ಈಗ ಪ್ರಭುದೇವ್ ಎಂಬ ಸಂಶೋಧಕ ಎಣಿಸಲು ಹೊರಟಿದ್ದ. ಅವನ ಲೆಕ್ಕಾಚಾರ ಸರಳ. ತೋಳ ಕುರಿಮಂದೆಯ ಹಿಂದೆ ಹೋಗುತ್ತದೆ, ತೋಳ ಹುಡುಕುವವರೂ ಅಲ್ಲೇ ಹೋಗಬೇಕು. ಪುರವರದ ಹತ್ತಿರದ ಹಟ್ಟಿಯ ಮೂಡಲಗಿರಿಯಪ್ಪ ಸಂಕ್ರಾಂತಿ ಕಳೆದ ಮೇಲೆ ಇನ್ನೂರು ಕುರಿ ಹೊಡೆದುಕೊಂಡು ಪಾವಗಡದ ಬಲಸಮುದ್ರದವರೆಗೆ ನಡೆಯುತ್ತಾನೆ. ಹೊಲದಿಂದ ಹೊಲಕ್ಕೆ, ಐದು ರಾತ್ರಿ ಬಯಲಲ್ಲೇ ಮಂದೆ. ಅವನ ಜೊತೆ ಪ್ರಭುದೇವ್ ಹೋಗುತ್ತಾನೆ. ಇನ್ನೊಬ್ಬರಿಗೆ ಜಾಗ ಉಂಟು. ಒಬ್ಬರಿಗೆ ಮಾತ್ರ.

ಆ ಒಂದು ಜಾಗಕ್ಕೆ ಕೊನೆಗೆ ಉಳಿದವರು ಇಬ್ಬರು. ಲೋಹಿತಾ ಮತ್ತು ಶಿರಾದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ರೇವಂತ್. ಎರಡು ಸಲ ಹಿಮಾಲಯ ಹತ್ತಿ ಬಂದವನು.

ಪ್ರಭುದೇವ್ ಷರತ್ತು ಹಾಕಿದ್ದ. ಅವರವರ ಚೀಲ ಅವರವರ ಬೆನ್ನ ಮೇಲೆ. ಒಟ್ಟು ಎಂಟು ಕೆಜಿ. ನೀರು, ಊಟ, ಪೊದೆಗೆ ಕಟ್ಟುವ ನಾಲ್ಕು ಕ್ಯಾಮೆರಾ ಸೇರಿ ಆರೂವರೆ ಆಗುತ್ತದೆ. ಮಲಗುವ ಸಾಮಾನಿಗೆ ಉಳಿಯುವುದು ಒಂದೂವರೆ ಕೆಜಿ. ಒಂದು ಗ್ರಾಂ ಹೆಚ್ಚಾದರೂ ಇಲ್ಲ.

ಲೋಹಿತಾ ಹತ್ತು ರಾತ್ರಿ ತಾರಸಿಯ ಮೇಲೆ ಮಲಗಿ ಪರೀಕ್ಷೆ ಮಾಡಿದಳು. ಮೊದಲ ದಿನ ಬರೀ ಪುಕ್ಕದ ಚೀಲ. ಎದೆ ಬೆಚ್ಚಗೆ, ಬೆನ್ನು ಮಂಜುಗಡ್ಡೆ. ಪುಕ್ಕ ಉಬ್ಬಿದ್ದರೆ ತಾನೇ ಬಿಸಿ. ಮೈಭಾರಕ್ಕೆ ಕೆಳಗಿನದೆಲ್ಲ ಹಪ್ಪಳವಾಗಿತ್ತು. ಚಳಿ ಆಕಾಶದಿಂದ ಇಳಿಯುತ್ತದೆ ಅಂದುಕೊಂಡಿದ್ದಳು. ಅದು ನೆಲದಿಂದ ಕನ್ನ ಕೊರೆದು ಬರುವ ಕಳ್ಳ. ಮರುದಿನ ಯೋಗದ ಚಾಪೆ ಹಾಸಿದಳು. ಬೆಚ್ಚಗಿತ್ತು, ಆದರೆ ಅದೊಂದೇ ಒಂದು ಕೆಜಿ. ಮರಕ್ಕೆ ಕಟ್ಟುವ ಜೋಲಿ ನೋಡಿದಳು. ಪಾವಗಡದ ಬಯಲಲ್ಲಿ ಜೋಲಿ ಕಟ್ಟಲು ಎರಡು ಮರ ಹುಡುಕುವುದಕ್ಕಿಂತ ತೋಳ ಹುಡುಕುವುದೇ ಸುಲಭ. ಕೊನೆಗೆ ಈ ಗಾಳಿಚಾಪೆ ಬಂತು. ಒಳಗೆ ಮೈಬಿಸಿಯನ್ನು ಮೈಗೇ ಹಿಂದಿರುಗಿಸುವ ಬೆಳ್ಳಿ ಹಾಳೆ. ತೂಕ ನಾನೂರ ಅರವತ್ತು ಗ್ರಾಂ!

ಅಜ್ಜಿ ಚನ್ನಮಲ್ಲಮ್ಮ ದಿನಾ ಬೆಳಿಗ್ಗೆ ಮೆಟ್ಟಿಲ ಕೆಳಗೆ ನಿಂತು ವಿಚಾರಿಸುತ್ತಿದ್ದಳು. "ಏನಮ್ಮ, ಇವತ್ತಿನದು ಪಾಸೋ ಫೇಲೋ? ಮೂರು ಗಂಡು ನೋಡಿದ್ರೂ ಇಷ್ಟು ಪರೀಕ್ಷೆ ಮಾಡಲಿಲ್ವಲ್ಲೇ ನೀನು!"

"ಪಾಸ್ ಅಜ್ಜಿ! ಫಸ್ಟ್ ಕ್ಲಾಸ್!"

ಆದರೆ ಕೊನೆಯ ತೀರ್ಪು ತಕ್ಕಡಿಯದಾಗಿರಲಿಲ್ಲ. ಮೂಡಲಗಿರಿಯಪ್ಪನದಾಗಿತ್ತು.

ಡಿಸೆಂಬರಿನ ಕೊನೆಯ ಭಾನುವಾರ ಪ್ರಭುದೇವ್ ಇಬ್ಬರನ್ನೂ ಅವನ ಹತ್ತಿರ ಕರೆದುಕೊಂಡು ಹೋದ. ನಡುಹಗಲು. ಹೊಂಗೆಮರಗಳ ನೆರಳಲ್ಲಿ ಕುರಿಗಳು ಒಂದರ ಹೊಟ್ಟೆಗೆ ಒಂದು ತಲೆ ಕೊಟ್ಟು ಮಲಗಿದ್ದವು. ಮೂಡಲಗಿರಿಯಪ್ಪ ಕಂಬಳಿ ಹಾಸಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ಪಕ್ಕದಲ್ಲಿ ಕಂದು ಬಣ್ಣದ ತೆಳ್ಳನೆಯ ಹೆಣ್ಣುನಾಯಿ. ಹೆಸರು ರಂಗಿ. ಅದು ಬಂದವರನ್ನು ಒಂದು ಸುತ್ತು ಮೂಸಿ, ಮುಖ ತಿರುಗಿಸಿ ಕೂತಿತು.

"ನೋಡ್ರಪ್ಪ, ನಂದು ಒಂದೇ ಮಾತು," ಎಂದ ಮೂಡಲಗಿರಿಯಪ್ಪ. "ರಾತ್ರಿ ಹೊತ್ತು ನಂಗೆ ಕಣ್ಣು ಕಾಣಾಕಿಲ್ಲ. ರಂಗಿನೇ ನನ್ ಕಣ್ಣು. ಅದು ಬೊಗಳಿದ್ರೆ ತೋಳ ಬಂತು ಅಂತ ಎದ್ದು ಓಡ್ತೀನಿ. ನಿಮ್ಮನ್ನ ನೋಡ್ಕಂಡು ರಾತ್ರಿಯೆಲ್ಲ ಬೊಗಳ್ತಾ ಕುಂತ್ರೆ, ತೋಳ ಬಂದಾಗ ನಂಗೆ ಹೆಂಗೆ ತಿಳೀಬೇಕು? ನೀವು ನೋಟ್ ಬುಕ್ ನಾಗೆ ಬರ್ಕಂಡು ಹೋಗ್ತೀರಿ. ಮರಿ ಹೋಗೋದು ನಂದು."

"ಅಂದ್ರೆ?" ಎಂದು ಕೇಳಿದ ರೇವಂತ್.

"ಅಂದ್ರೆ ರಂಗಿ ಬೊಗಳ್ದಂಗೆ ಮಲಗೋರು ನನ್ ಜೊತೆ ಬರ್ಲಿ. ಅಷ್ಟೇಯ."

ಇಬ್ಬರೂ ನಕ್ಕರು. ಇದೇನು ಮಹಾ! ಆಗಲೇ ತೋರಿಸಿಬಿಡುತ್ತೇವೆ ಎಂದು ಇಬ್ಬರೂ ಚೀಲ ಬಿಚ್ಚಿದರು. ಲೋಹಿತಾ ಮುಳ್ಳು ಆರಿಸಿ ನೆಲ ಗುಡಿಸಿದಳು, ಗಾಳಿಚಾಪೆ ಊದಿದಳು, ಕಾಲು ನೀಡಿ ಮೇಲೆ ಮಲಗಿದಳು.

ಚರಚರ, ಚರಚರ, ಚರ್!

ಒಳಗಿನ ಬೆಳ್ಳಿ ಹಾಳೆ ಅದು. ತಾರಸಿಯ ಮೇಲೆ ಬಸ್ಸು ಲಾರಿಗಳ ಸದ್ದಿನ ನಡುವೆ ಕೇಳಿಸಿಯೇ ಇರಲಿಲ್ಲ. ಇಲ್ಲಿ ಇನ್ನೂರು ಕುರಿಗಳ ಮೌನದಲ್ಲಿ ಅದು ಒಣಗಿದ ತಾಳೆಗರಿ ಎಳೆದಂತೆ ಕೇಳಿತು. ರಂಗಿ ಎಗರಿ ನಿಂತು ಬೊಗಳಿತು. ಅದೇ ಹೊತ್ತಿಗೆ ರೇವಂತ್ ತನ್ನ ಪುಕ್ಕದ ಚೀಲ ಝಾಡಿಸಿದ. ಇನ್ನೂರು ಕುರಿಗಳು ಒಟ್ಟಿಗೆ ಎದ್ದು, ಯಾವ ಕಡೆ ಓಡುವುದು ಎಂದು ತಿಳಿಯದೆ ಎಲ್ಲ ಕಡೆಗೂ ಓಡಿದವು.

ಅವನ್ನು ಕೂಡಿಸಿ ತರಲು ಒಂದು ಗಂಟೆ ಹಿಡಿಯಿತು. ಹಿಮಾಲಯ ಹತ್ತಿದ ರೇವಂತ್ ಜಾಲಿಪೊದೆಯಲ್ಲಿ ಪ್ಯಾಂಟು ಹರಿದುಕೊಂಡ. ಮೂಡಲಗಿರಿಯಪ್ಪ ಮಾತ್ರ ಹೊಟ್ಟೆ ಹಿಡಿದು ನಕ್ಕ. "ಬೋ ಚೆನ್ನಾಗೈತೆ ಕಣಮ್ಮ ನಿಮ್ ಹಾಸ್ಗೆ! ತೋಳ ಓಡ್ಸಾಕೆ ಒಂದು ನಂಗೂ ತಂದ್ಕೊಡು!"

ಮುಂದಿನ ತಿಂಗಳ ಎರಡನೇ ಶನಿವಾರ ರಾತ್ರಿ ಇಲ್ಲೇ ಮಂದೆಯ ಪಕ್ಕ ಮಲಗಬೇಕು, ಅದೇ ಕೊನೆಯ ಪರೀಕ್ಷೆ ಎಂದು ಮಾತಾಯಿತು.

ಲೋಹಿತಾಗೆ ನಾಚಿಕೆಯಾಗಬೇಕಿತ್ತು. ಆದರೆ ಅವಳ ತಲೆ ಆಗಲೇ ಬೇರೆ ಕಡೆ ಓಡುತ್ತಿತ್ತು. ಗಲಾಟೆಯಲ್ಲಿ ಅವಳು ಒಂದನ್ನು ಗಮನಿಸಿದ್ದಳು. ಮೂಡಲಗಿರಿಯಪ್ಪನೂ ಎದ್ದಿದ್ದ, ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡಿದ್ದ. ಕಂಬಳಿ ಒಂದು ಚೂರೂ ಸದ್ದು ಮಾಡಿರಲಿಲ್ಲ.

ಅವಳು ಹಟ್ಟಿಗೆ ಹೋದಳು. ಅಲ್ಲಿ ಮೂಡಲಗಿರಿಯಪ್ಪನ ಅಕ್ಕ ಕೆಂಪಕ್ಕ ಜಗಲಿಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಲೋಹಿತಾ ವಿಷಯ ಹೇಳಿದ್ದೇ ಒಳಗಿನಿಂದ ಒಂದು ಹಳೆಯ ಕರಿಕಂಬಳಿ ತಂದು ಅವಳ ಮುಂದೆ ಒಗೆದಳು. ಲೋಹಿತಾ ಚೀಲದಿಂದ ಕೊಕ್ಕೆತಕ್ಕಡಿ ತೆಗೆದು ತೂಗಿದಳು. ಎರಡು ಕೆಜಿ ಆರುನೂರು.

ಮುಖ ಸಣ್ಣಗಾಯಿತು. "ಆಗಲ್ಲ ಕೆಂಪಕ್ಕ. ಒಂದೂವರೆ ಒಳಗಿರಬೇಕು."

"ಅಂಗಾರೆ ಅರ್ಧ ತಗೊಂಡು ಹೋಗು."

"ಕತ್ತರಿಸೋದಾ?"

"ಥೂ, ಬುಡ್ತು ಅನ್ನು! ಕಂಬ್ಳಿಗೆ ಯಾರಾದ್ರೂ ಕತ್ತರಿ ಹಾಕ್ತಾರಾ?" ಕೆಂಪಕ್ಕ ಕಂಬಳಿಯ ನಡುವೆ ಬೆರಳಾಡಿಸಿ ತೋರಿಸಿದಳು. ಉದ್ದಕ್ಕೆ ಒಂದು ಹೊಲಿಗೆ ಹೋಗಿತ್ತು. ಮಗ್ಗ ಚಿಕ್ಕದು, ಆದ್ದರಿಂದ ಎರಡು ಪಟ್ಟಿ ನೇಯ್ದು ನಡುವೆ ಕೂಡಿಸಿರುತ್ತಾರೆ. "ಹೊಲಿಗೆ ಬಿಚ್ಚೋದು. ಎಲ್ಡು ಕಂಬ್ಳಿ ಆಯ್ತವೆ."

ಅವಳು ಸೂಜಿ ತಂದು ಆಗಲೇ ಬಿಚ್ಚತೊಡಗಿದಳು. ಮೂವತ್ತು ವರ್ಷದ ಹೊಲಿಗೆ. ನೂಲು ಸಲೀಸಾಗಿ ಬಂತು.

"ನಿಮಗೆ ಬೇಡವಾ ಇದು?" ಲೋಹಿತಾ ಕೇಳಿದಳು.

"ನಮ್ ಯಜಮಾನ್ರದು. ಅವ್ರು ಹೋದ ಮ್ಯಾಕೆ ಇಡೀ ಕಂಬ್ಳಿ ನಂಗೆ ದೊಡ್ಡದಾಯ್ತದೆ ಕಣವ್ವ. ಅರ್ಧ ಸಾಕು." ಕೆಂಪಕ್ಕ ನೂಲನ್ನು ಬೆರಳಿಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹುಂ, ತೂಗು ಈಗ."

ಒಂದು ಕೆಜಿ ಇನ್ನೂರ ಎಂಬತ್ತು. ಲೋಹಿತಾ ಕುಣಿದೇಬಿಟ್ಟಳು.

ಕೆಂಪಕ್ಕ ಮಲಗುವುದನ್ನೂ ಹೇಳಿಕೊಟ್ಟಳು. ಪಟ್ಟಿ ಎರಡೂಕಾಲು ಅಡಿ ಅಗಲ, ಒಂಬತ್ತಡಿ ಉದ್ದ. ಅರ್ಧ ಕೆಳಗೆ, ಅರ್ಧ ಮೇಲೆ, ಮಡಿಕೆ ಪಾದದ ಕಡೆ. ಕಾಲು ನೀಡಿದರೆ ಸಾಲದು, ಕುರಿಯ ಹಾಗೆ ಮುದುರಿಕೊಂಡರೆ ಸಾಕಾಗುತ್ತದೆ. ಕೂತು ಕಾಯುವಾಗ ಒಂದು ತುದಿ ಮಡಿಸಿ ತಲೆಗೆ ಹಾಕಿಕೊಂಡರೆ ಕೊಪ್ಪೆ. ಇಬ್ಬನಿ ಒಳಗಿಳಿಯದೆ ಮೇಲೇ ಜಾರಿ ಹೋಗುತ್ತದೆ. ಒಳಗೆ ಮೈಗೆ ಚುಚ್ಚದಂತೆ ಹಳೆಯ ನೂಲಿನ ಸೀರೆ ಸುತ್ತಿಕೊಳ್ಳಬೇಕು. ಅಜ್ಜಿಯ ಹಳೆ ಸೀರೆಯ ಅರ್ಧ ನೂರ ತೊಂಬತ್ತು ಗ್ರಾಂ ತೂಗಿತು. ಒಟ್ಟು ಒಂದು ಕೆಜಿ ನಾನೂರ ಎಪ್ಪತ್ತು. ಮೂವತ್ತು ಗ್ರಾಂ ಉಳಿತಾಯ!

ಲೋಹಿತಾ ಪುಕ್ಕದ ಚೀಲ, ಗಾಳಿಚಾಪೆಗಳನ್ನು ಅಟ್ಟಕ್ಕೆ ಹಾಕಿದಳು. ಆ ವಾರ ತಾರಸಿಯ ಮೇಲೆ ಅರ್ಧ ಕಂಬಳಿಯಲ್ಲಿ ಮುದುರಿ ಮಲಗಿದಳು. ಇಬ್ಬನಿಯ ಹನಿ ಮೇಲೆ ಮಣಿಯಂತೆ ನಿಂತಿರುತ್ತಿತ್ತು. ಝಾಡಿಸಿದರೆ ಉದುರುತ್ತಿತ್ತು. ಸದ್ದಿಲ್ಲ. ನೆಲದ ಚಳಿ ಸ್ವಲ್ಪ ಮುಟ್ಟುತ್ತಿತ್ತು, ಆದರೆ ತಡೆದುಕೊಳ್ಳಬಹುದಿತ್ತು. ಕ್ಲಾಸಿನಲ್ಲಿ ಪಾಠ ಮಾಡುವಾಗಲೂ ಅವಳಿಗೆ ನಗು ಬರುತ್ತಿತ್ತು.

ಪರೀಕ್ಷೆಯ ಹಿಂದಿನ ಸಂಜೆ, ಶುಕ್ರವಾರ, ಕಾಲೇಜಿನಿಂದ ಬಂದು ಮೆಟ್ಟಿಲು ಹತ್ತಿದವಳು ತಾರಸಿಯ ಬಾಗಿಲಲ್ಲೇ ನಿಂತಳು. ತಂತಿಯ ಮೇಲೆ ಕಂಬಳಿ ನೇತಾಡುತ್ತಿತ್ತು. ಒದ್ದೆ ಬೆಕ್ಕಿನಂತೆ ಜೋಲುತ್ತಿತ್ತು. ಸುತ್ತಲೂ ಸಾಂಬ್ರಾಣಿಯ ಘಮ.

"ಅಜ್ಜೀ!"

ಚನ್ನಮಲ್ಲಮ್ಮ ಹೆಮ್ಮೆಯಿಂದ ಹತ್ತಿ ಬಂದಳು. "ನೋಡ್ದಾ? ಕುರಿ ವಾಸನೆ ಹೊಡೀತಿತ್ತು. ಅಂಟವಾಳದ ನೊರೇಲಿ ನೆನೆಹಾಕಿ, ನಾಲ್ಕು ನೀರಲ್ಲಿ ಜಾಲಿಸಿ ಒಗೆದಿದೀನಿ. ಒಳ್ಳೆ ಕೆಲಸಕ್ಕೆ ಹೊರಟಿದೀಯ, ಸಾಂಬ್ರಾಣಿ ಹೊಗೆ ಹಾಕಿ ವಿಭೂತಿ ಹಚ್ಚಿದೀನಿ. ತೋಳ ಏನು, ಹುಲಿ ಬಂದ್ರೂ ನಿನ್ನ ಮುಟ್ಟಲ್ಲ!"

ಲೋಹಿತಾ ಕಂಬಳಿ ಮುಟ್ಟಿದಳು. ಬಿಗಿ ಹೋಗಿ ಹಳೆ ಟವೆಲಿನ ಹಾಗೆ ಮೆತ್ತಗಾಗಿತ್ತು. ಲೋಟದ ನೀರು ಸುರಿದು ನೋಡಿದಳು. ಮಣಿಯಾಗಿ ನಿಲ್ಲಲಿಲ್ಲ, ಇಡೀ ನೀರು ಇಂಗಿ ಕೆಳಗೆ ಸೋರಿತು. ಇಬ್ಬನಿ ಬಿದ್ದರೆ ಇದೇ ಗತಿ. ಮೂಡಲಗಿರಿಯಪ್ಪನ ನಾಯಿಗೆ ಸಾಂಬ್ರಾಣಿಯ ಪರಿಚಯವಂತೂ ಇರುವುದಿಲ್ಲ. ಅವಳು ನೆಲದ ಮೇಲೆ ಕೂತುಬಿಟ್ಟಳು. ಅಜ್ಜಿಯ ಮುಖ ನೋಡಿ ಬೈಯಲೂ ಆಗಲಿಲ್ಲ.

ಕೆಳಗಿನಿಂದ ಬಂದ ನಾಗಭೂಷಣ್ ಕಂಬಳಿಯ ಅಂಚು ಹಿಸುಕಿ ನೋಡಿ ಗಹಗಹಿಸಿದ. "ಅಮ್ಮ, ಗಂಜೀನೆಲ್ಲ ತೊಳೆದುಬಿಟ್ಟಿದೀಯಲ್ಲ! ಲೋಹಿತಾ, ನಮ್ಮ ಮಂಡೀಲಿ ಹಣ್ಣು ಬಿಡಿಸಿದ ಮೇಲೆ ಹುಣಸೆ ಬೀಜ ಎಲ್ಲಿಗೆ ಹೋಗುತ್ತೆ ಅಂದ್ಕೊಂಡಿದೀಯ?"

"ಎಲ್ಲಿಗೆ?"

"ಕಂಬಳಿ ನೇಯೋರ ಹಟ್ಟಿಗೆ. ಬೀಜ ಹುರಿದು, ಹಿಟ್ಟು ಮಾಡಿ, ಗಂಜಿ ಕಾಯಿಸಿ ಕಂಬಳಿಗೆ ಬಳೀತಾರೆ. ಆ ಗಂಜಿ ಇದ್ರೇನೇ ಅದು ಕಂಬಳಿ. ಗೋಡೌನಲ್ಲಿ ಹಿಟ್ಟಿದೆ. ಏಳು."

ಲೋಹಿತಾ ಎದ್ದಳು.

ಶನಿವಾರ ಮೊದಲ ಬಸ್ಸಿಗೆ ಹೊರಟಳು. ಮಡಿಲಲ್ಲಿ ಕಂಬಳಿ, ಕಾಲ ಬಳಿ ಒಂದು ಕೆಜಿ ಹುಣಸೆಬೀಜದ ಹಿಟ್ಟು. ಮಧುಗಿರಿಯಲ್ಲಿ ಬಸ್ಸು ಬದಲಿಸಿ, ಪುರವರದಲ್ಲಿ ಇಳಿದು, ಒಂಬತ್ತಕ್ಕೆ ಹಟ್ಟಿ ಸೇರಿದಳು. ಕೆಂಪಕ್ಕ ಕಂಬಳಿ ಮೂಸಿ ನೋಡಿದಳು. ಲೋಹಿತಾಳ ಮುಖ ನೋಡಿದಳು. ಮತ್ತೊಮ್ಮೆ ಮೂಸಿದಳು.

"ಇದ್ಯಾವ ಗುಡಿಯಿಂದ ಬತ್ತಾ ಐತವ್ವ?"

ಅವಳ ನಗು ನಿಲ್ಲಲು ಐದು ನಿಮಿಷ ಬೇಕಾಯಿತು. ಆಮೇಲೆ ಸೆರಗು ಸಿಕ್ಕಿಸಿ ಒಲೆ ಹೊತ್ತಿಸಿದಳು. ಗಂಜಿ ಕುದಿಯುವಾಗ ಸುಟ್ಟ ಕಡಲೆಯಂಥ ವಾಸನೆ ಎದ್ದಿತು. ಕಂಬಳಿಯನ್ನು ಬಂಡೆಯ ಮೇಲೆ ಹಾಸಿ, ಈಚಲ ಬೇರಿನ ಕುಂಚದಿಂದ ಇಬ್ಬರೂ ಬಳಿದರು. ಲೋಹಿತಾ ಗಬಗಬನೆ ಬಳಿಯುವುದು ನೋಡಿ ಕೆಂಪಕ್ಕ ಗದರಿದಳು. "ಗ್ವಾಡೆಗೆ ಸುಣ್ಣ ಹೊಡೀತಾ ಇದೀಯಾ? ತೆಳ್ಳಗೆ ಬಳಿ. ತೂಕ ಅಂತ ಸಾಯ್ತಿದ್ದೋಳು ನೀನೇ ಅಲ್ವಾ?"

ಜನವರಿಯ ಗಾಳಿ, ಬಿಸಿಲು ಎರಡೂ ಕೂಡಿ ಬಂದವು. ಮಧ್ಯಾಹ್ನ ಎರಡಕ್ಕೆ ಕಂಬಳಿ ಒಣಗಿ ಗಟ್ಟಿಯಾಗಿ, ಗೋಡೆಗೆ ಆನಿಸಿದರೆ ತಾನೇ ನಿಂತಿತು. ಲೋಹಿತಾ ನೀರು ಚಿಮುಕಿಸಿದಳು. ಹನಿ ಮಣಿಯಾಗಿ ಉರುಳಿತು. ಅವಳು ಕೆಂಪಕ್ಕನನ್ನು ತಬ್ಬಿಕೊಂಡಳು.

"ಅದು ಸರಿ. ವಾಸ್ನೆ?" ಎಂದಳು ಕೆಂಪಕ್ಕ.

ವಾಸನೆಗೆ ಔಷಧಿ ಹಟ್ಟಿಯ ಹಿಂದೆಯೇ ಇತ್ತು. ಮರಿಗಳ ಗೂಡು. ಇಪ್ಪತ್ತು ದಿನದ ಮೂವತ್ತು ಮರಿಗಳು. ಅವುಗಳ ನಡುವೆ ಕಂಬಳಿ ಹಾಸಿ ಲೋಹಿತಾ ಅದರ ಮೇಲೆ ಕೂತಳು. ಮರಿಗಳು ಮೊದಲು ಮೂಲೆ ಸೇರಿ ಅನುಮಾನದಿಂದ ನೋಡಿದವು. ಒಂದು ಧೈರ್ಯ ಮಾಡಿ ಬಂದು ಅವಳ ಜಡೆ ಚೀಪಿತು. ಆಮೇಲೆ ಎಲ್ಲವೂ ಬಂದವು. ಕಂಬಳಿಯ ಮೇಲೆ ಕುಣಿದವು, ಅವಳ ಮಡಿಲು ಹತ್ತಿ ಇಳಿದವು, ಒಂದೆರಡು ಮಾಡಬಾರದ್ದನ್ನೂ ಮಾಡಿದವು. ಮೂರು ಗಂಟೆ ಕಳೆದು ಅವಳು ಹೊರಗೆ ಬಂದಾಗ ಕೆಂಪಕ್ಕ ಮೂಗರಳಿಸಿ ತಲೆಯಾಡಿಸಿದಳು. "ಈಗ ನೀನೂ ಒಂದು ಕುರಿ. ಹೋಗು."

ಸಂಜೆ ಮಂದೆಯ ಹತ್ತಿರ ಪ್ರಭುದೇವ್ ಕೊಕ್ಕೆತಕ್ಕಡಿ ಹಿಡಿದು ನಿಂತಿದ್ದ. ರೇವಂತ್ ಈ ಸಲ ತಯಾರಾಗಿ ಬಂದಿದ್ದ. ಸದ್ದು ಮಾಡದ ಫೋಮ್ ಚಾಪೆ, ಪುಕ್ಕದ ಚೀಲದ ಮೇಲೆ ನೂಲಿನ ಹೊರಗವಸು. ಒಂದು ಕೆಜಿ ನಾನೂರ ನಲವತ್ತು. ಅವನು ಲೋಹಿತಾಳ ಕಂಬಳಿ ನೋಡಿ, "ಮೇಡಂ, ಮ್ಯೂಸಿಯಂ ಬಾಗಿಲು ಮುಚ್ಚೋಕೆ ಮುಂಚೆ ವಾಪಸ್ ಕೊಡಬೇಕಾ?" ಎಂದ.

"ಹರಿದ ಪ್ಯಾಂಟು ಅದೇ ಮ್ಯೂಸಿಯಂಗೆ ಕೊಟ್ರಾ?" ಎಂದಳು ಲೋಹಿತಾ.

ಕೊಕ್ಕೆಗೆ ಅವಳ ಗಂಟು ಏರಿತು. ಪ್ರಭುದೇವ್ ಓದಿದ. "ಒಂದು ಕೆಜಿ ಐನೂರ ಇಪ್ಪತ್ತು."

ಬಳಿದ ಗಂಜಿಯ ತೂಕ! ಐದು ವರ್ಷದ ಆಸೆಗೆ ಇಪ್ಪತ್ತು ಗ್ರಾಂ ಅಡ್ಡ ನಿಂತಿತ್ತು. ಲೋಹಿತಾ ಗಂಟನ್ನು ದಿಟ್ಟಿಸಿದಳು. ಸೀರೆ ಕತ್ತರಿಸಲು ಕತ್ತರಿ ಇಲ್ಲ. ಥಟ್ಟನೆ ಗಂಟು ಕಟ್ಟಿದ್ದ ನೂಲುಹಗ್ಗ ಕಂಡಿತು. ಅದನ್ನು ಬಿಚ್ಚಿ ಎಸೆದು, ಕಂಬಳಿಯನ್ನು ಅದರ ಅಂಚಿನಿಂದಲೇ ಸುತ್ತಿ ಸಿಕ್ಕಿಸಿ ಮತ್ತೆ ಕೊಕ್ಕೆಗೆ ಹಾಕಿದಳು.

"ಒಂದು ಕೆಜಿ ನಾನೂರ ತೊಂಬತ್ತು," ಎಂದ ಪ್ರಭುದೇವ್. ಅವನ ಮುಖದಲ್ಲಿ ಮೊದಲ ಸಲ ನಗು ಕಂಡಿತು.

ಉಂಡ ಮೇಲೆ ಮೂಡಲಗಿರಿಯಪ್ಪ ಇಬ್ಬರಿಗೂ ಜಾಗ ತೋರಿಸಿದ. ಮಂದೆಯ ಸುತ್ತ ಕಟ್ಟಿದ ಬಲೆಯ ಆಚೆ ಒಬ್ಬರು, ಈಚೆ ಒಬ್ಬರು. ಲೋಹಿತಾ ಹಾಸಲು ಹೋದಾಗ ತಡೆದು, ಬಲೆಯ ಅಂಚಿನಲ್ಲಿ ಮಲಗಿದ್ದ ಒಂದು ದಪ್ಪ ಕುರಿಯನ್ನು ಕಾಲಿನಿಂದ ಮೆತ್ತಗೆ ಎಬ್ಬಿಸಿ, ಬಲೆಯನ್ನು ಮೂರಡಿ ಒಳಕ್ಕೆ ಸರಿಸಿ ಕಟ್ಟಿದ. "ಇಲ್ಲಿ ಹಾಸು. ಅದು ಮಲಗಿದ್ದ ಜಾಗ."

ಅವಳು ನೆಲ ಮುಟ್ಟಿದಳು. ಒಲೆಯ ಮುಂದಿನ ನೆಲದಂತೆ ಬೆಚ್ಚಗಿತ್ತು. ಎದ್ದ ಕುರಿ ಒಂದು ಸುತ್ತು ಹಾಕಿ, ಬಲೆಯ ಆಚೆಯಿಂದ ಅವಳ ಬೆನ್ನಿಗೇ ಒರಗಿ ಮಲಗಿತು. ತಾರಸಿಯಲ್ಲಿ ಹತ್ತು ರಾತ್ರಿ ಹುಡುಕಿದ ಚಾಪೆ ಇಲ್ಲಿ ಉಸಿರಾಡುತ್ತಿತ್ತು. ಅದರ ತೂಕ ಅವಳ ಲೆಕ್ಕಕ್ಕೆ ಸೇರುವುದೂ ಇಲ್ಲ!

ಒಂಬತ್ತರ ಹೊತ್ತಿಗೆ ರಂಗಿ ಗಸ್ತು ಶುರುಮಾಡಿತು. ಮೊದಲು ರೇವಂತ್ ಕಡೆ ಹೋಯಿತು. ಮೂಸಿತು, ಸುಮ್ಮನಾಯಿತು. ಲೋಹಿತಾ ಉಸಿರು ಬಿಗಿಹಿಡಿದಳು. ಅವನೂ ಗೆದ್ದರೆ? ಆಗ ಚೀಲದೊಳಗೆ ಸೆಕೆಯಾಯಿತೋ ಏನೋ, ರೇವಂತ್ ಜಿಪ್ ಎಳೆದ.

ಝುರ್ರ್!

ರಂಗಿ ಮೂರಡಿ ಹಿಂದಕ್ಕೆ ಹಾರಿ ಬೊಗಳಿತು. ಬೊಗಳುತ್ತಲೇ ಇತ್ತು. ಮೂಡಲಗಿರಿಯಪ್ಪ ಕೋಲು ಹಿಡಿದು ಓಡಿ ಬಂದ. "ತೋಳ ಅಲ್ಲ ಯಜಮಾನ್ರೇ," ಎಂದು ಕತ್ತಲಲ್ಲಿ ರೇವಂತನ ಸೋತ ದನಿ ಕೇಳಿತು. "ನನ್ನ ಜಿಪ್ಪು."

ಲೋಹಿತಾಳ ಕಡೆ ರಂಗಿ ತಡವಾಗಿ ಬಂತು. ಒದ್ದೆ ಮೂಗು ಕಂಬಳಿಯ ಉದ್ದಕ್ಕೂ ಹರಿದಾಡಿತು. ಸಾಂಬ್ರಾಣಿಯ ವಾಸನೆ ಉಳಿದಿರಬಹುದಾದ ಒಂದು ಕಡೆ ನಿಂತು ಎರಡು ಸಲ ಸೀನಿತು. ಅವಳು ಕಲ್ಲಾದಳು. ನಾಯಿ ಅವಳ ಪಾದದ ಬಳಿ ಮೂರು ಸುತ್ತು ತಿರುಗಿ, ನಿಟ್ಟುಸಿರಿಟ್ಟು, ಕಂಬಳಿಯ ಮಡಿಕೆಯ ಮೇಲೆಯೇ ಮಲಗಿತು.

ಅವಳು ಕಾಲು ಅಲ್ಲಾಡಿಸಲಿಲ್ಲ. ಜೋಮು ಹಿಡಿಯಿತು. ಹಿಡಿಯಲಿ. ಇಷ್ಟು ಸಂತೋಷದಲ್ಲಿ ನಿದ್ದೆ ಹೇಗೆ ಬರುತ್ತದೆ ಅಂದುಕೊಂಡಳು. ಅಂದುಕೊಳ್ಳುತ್ತಲೇ ನಿದ್ದೆ ಬಂತು.

ಬೊಗಳುವ ಸದ್ದಿಗೆ ಎಚ್ಚರವಾಯಿತು.

ಮೂಡಣ ಬೂದಿ ಬಣ್ಣಕ್ಕೆ ತಿರುಗಿತ್ತು. ಇಬ್ಬನಿ ಬಿದ್ದಿತ್ತು. ರಂಗಿ ಹತ್ತಿರದಲ್ಲೇ ನಿಂತು ಮೈಯೆಲ್ಲ ನಡುಗಿಸಿ ಬೊಗಳುತ್ತಿತ್ತು. ನಿದ್ದೆಯಲ್ಲಿ ಹೊರಳಿದೆನಾ? ಗೊರಕೆ ಹೊಡೆದೆನಾ? ಇಡೀ ರಾತ್ರಿ ಕಾದದ್ದು ಬೆಳಗಿನ ಜಾವದಲ್ಲಿ ಹೋಯಿತಾ? ಅವಳು ಮೆಲ್ಲಗೆ ಕಂಬಳಿ ಸರಿಸಿ ನೋಡಿದಳು.

ರಂಗಿಯ ಮುಖ ಅವಳ ಕಡೆ ಇರಲಿಲ್ಲ. ಬಾಲ ಅವಳ ಕಡೆ ಇತ್ತು.

"ಹೋಯ್! ಹೋಯ್! ಹೋಯ್!" ಮೂಡಲಗಿರಿಯಪ್ಪ ಆಗಲೇ ಕೋಲು ಬೀಸುತ್ತ ಅವಳನ್ನು ದಾಟಿ ಓಡುತ್ತಿದ್ದ. ಅವಳ ಕಡೆ ನೋಡಲೂ ಇಲ್ಲ.

ಲೋಹಿತಾ ಎದ್ದು ಕೂತಳು. ನಲವತ್ತು ಮಾರು ಆಚೆ, ಹೊಲದ ಬದುವಿನ ಮೇಲೆ ಅದು ನಿಂತಿತ್ತು. ಬೂದು ಮೈ, ಉದ್ದ ಕಾಲು, ಎದೆಯ ಮಟ್ಟಕ್ಕಿಳಿದ ತಲೆ. ಬೋರ್ಡಿನ ಮೇಲೆ ತಾನು ಬರೆಯುತ್ತಿದ್ದ ಕಿವಿ ತಪ್ಪು ಎಂದು ಅವಳಿಗೆ ಮೊದಲು ಹೊಳೆಯಿತು. ಅಷ್ಟು ದೊಡ್ಡದಲ್ಲ. ತೋಳ ಓಡಿಬರುವ ಮುದುಕನನ್ನು ನೋಡಿತು, ನಾಯಿಯನ್ನು ನೋಡಿತು, ಕಂಬಳಿ ಹೊದ್ದು ಕೂತ ಅವಳನ್ನು ಕುರಿಗಳ ಸಾಲಿಗೇ ಸೇರಿಸಿದಂತೆ ಸುಮ್ಮನೆ ದಾಟಿ ನೋಡಿತು. ಆತುರವಿಲ್ಲದೆ ಬದು ಇಳಿದು ಹೋಯಿತು. ಬಂಡೆಯ ಹಿಂದಿನಿಂದ ಇನ್ನೊಂದು ಎದ್ದು ಅದರ ಹಿಂದೆ ಹೊರಟಿತು.

"ಎರಡು!" ಅವಳು ಕಿರುಚಿದಳು. "ಪ್ರಭುದೇವ್, ಎರಡು! ಬರ್ಕೊಳ್ಳಿ!"

ಆಚೆ ಕಡೆಯಿಂದ ರೇವಂತ್ ಫೋಮ್ ಚಾಪೆಯ ಮೇಲೆ ನಿಂತು ಚಪ್ಪಾಳೆ ತಟ್ಟಿದ. ಬಂದು ತನ್ನ ಹಣೆದೀಪ ಬಿಚ್ಚಿ ಅವಳ ಕೈಗಿಟ್ಟ. "ನಲವತ್ತು ಗ್ರಾಂ. ಇದು ಮಲಗೋ ಸಾಮಾನಲ್ಲ, ಲೆಕ್ಕಕ್ಕೆ ಬರಲ್ಲ. ತಗೊಂಡು ಹೋಗಿ ಮೇಡಂ."

ಮೂಡಲಗಿರಿಯಪ್ಪ ಏದುಸಿರು ಬಿಡುತ್ತ ಹಿಂದಿರುಗಿದ. ಕುರಿ ಎಣಿಸಿದ. ಎಲ್ಲ ಇದ್ದವು. ರಂಗಿಯ ತಲೆ ಸವರಿದ. ಆಮೇಲೆ ಕಂಬಳಿಯ ಕೊಪ್ಪೆಯಲ್ಲಿ ಕೂತಿದ್ದ ಲೋಹಿತಾಳ ಮುಂದೆ ಕೋಲೂರಿ ನಿಂತ.

"ರಂಗಿ ರಾತ್ರಿಯೆಲ್ಲ ನಿನ್ ಕಾಲ್ಮ್ಯಾಲೇ ಮಲಗಿತ್ತು. ಬ್ಯಾಟ್ರಿ ಬಿಟ್ಟು ನಾ ನೋಡ್ದೆ. ಅದಕ್ಕೇಯ ಬೊಗಳಿದ ಕೂಡ್ಲೇ ತೋಳ ಅಂತ ತಿಳೀತು." ಎಲೆಯಡಿಕೆ ಚೀಲಕ್ಕೆ ಕೈ ಹಾಕಿದ. "ಗುರುವಾರ ಹೊಂಡೋದು. ಐದು ದಿನದ ಬುತ್ತಿ ಕಟ್ಕಂಡು ಬಾ ಕಣಮ್ಮ."

ಅವಳು ಮೊದಲು ಫೋನ್ ಮಾಡಿದ್ದು ಅಜ್ಜಿಗೆ. "ಅಜ್ಜಿ, ತೋಳ! ಎರಡು! ನನ್ನ ಕಣ್ಣಾರೆ ನೋಡ್ದೆ! ನಾನೇ ಹೋಗ್ತಿರೋದು!"

"ನಾನು ಹೇಳಲಿಲ್ವಾ, ಹತ್ರ ಬರಲ್ಲ ಅಂತ? ಎಲ್ಲ ಆ ವಿಭೂತಿ ಮಹಿಮೆ." ಚನ್ನಮಲ್ಲಮ್ಮ ಅಲ್ಲಿಗೇ ಬಿಡದೆ ಕೇಳಿದಳು, "ಕಂಬಳಿ ಕೊಳೆಯಾಗಿದೆಯಾ?"

"ತುಂಬಾ."

"ಇವತ್ತೇ ತಗೊಂಡು ಬಾ. ಗುರುವಾರದೊಳಗೆ ಇನ್ನೊಂದು ಸಲ ಒಗೆದು ಕೊಡ್ತೀನಿ."

ಲೋಹಿತಾ ಫೋನ್ ಕಿವಿಯಲ್ಲಿಟ್ಟುಕೊಂಡೇ ಕಂಬಳಿಯನ್ನು ಸುತ್ತಿದಳು, ಹಟ್ಟಿಯ ಕಡೆ ನಡೆದಳು. ಗುರುವಾರದವರೆಗೆ ಅದು ಕೆಂಪಕ್ಕನ ಮನೆಯಲ್ಲೇ ಇರಲಿ, ಮರಿಗಳ ಗೂಡಿನಲ್ಲಿ.